ಮುದನಾಳದಲ್ಲಿ ಇಲ್ಲದ ರೋಗಿ

ಅವರ ಬಲಗೈಯ ಮೂರು ಬೆರಳುಗಳ ತುದಿ ಯಾವಾಗಲೂ ನೇರಳೆ ಬಣ್ಣಕ್ಕಿರುತ್ತಿತ್ತು. ಚುನಾವಣೆ ಇಲ್ಲದ ವರ್ಷಗಳಲ್ಲೂ ಈಗಷ್ಟೇ ಮತ ಹಾಕಿ ಬಂದವರ ಹಾಗೆ. ಗಾಜಿನ ಪಟ್ಟಿಯ ಮೇಲಿಟ್ಟ ಮಾಂಸದ ಚೂರಿಗೆ ಹಾಕುವ ಬಣ್ಣ ಅದು. ಸಾಬೂನಿಗೂ ಹೋಗುವುದಿಲ್ಲ, ನಿಂಬೆಹಣ್ಣಿಗೂ ಹೋಗುವುದಿಲ್ಲ. ಬಣ್ಣ ಹಾಕುವ ಕೆಲಸ ನನ್ನದು, ನನಗೆ ಸಂಬಳ ಕೊಡುತ್ತಿದ್ದದ್ದೂ ಅದಕ್ಕೇ. ಆದರೆ ಇನ್ನೂ ಒದ್ದೆಯಿರುವ ಪಟ್ಟಿಯನ್ನು ಬರಿಗೈಯಲ್ಲಿ ಎತ್ತಿ, ಕಿಟಕಿಯ ಬೆಳಕಿಗೆ ಹಿಡಿದು ನೋಡದಿದ್ದರೆ ಅವರಿಗೆ ಸಮಾಧಾನವಿರಲಿಲ್ಲ. ಆಮೇಲೆ ಅದೇ ಬೆರಳಲ್ಲಿ ಜೋಳದ ರೊಟ್ಟಿ ಮುರಿಯುತ್ತಿದ್ದರು. ನಾನು ಮುಖ ಸಿಂಡರಿಸಿದರೆ, "ಹೊಟ್ಟ್ಯಾಗ ಹೋದ್ರ ಏನಾಗ್ತದಪಾ? ಒಳಗೂ ಜರಾ ಛಲೋ ಕಾಣ್ತದ" ಎನ್ನುತ್ತಿದ್ದರು.

ನಾವೆಲ್ಲ ಅವರನ್ನು ಮೇಡಂ ಎಂದೇ ಕರೆಯುತ್ತಿದ್ದೆವು. ಯಾದಗಿರಿಯ ಸ್ಟೇಷನ್ ರಸ್ತೆಯಲ್ಲಿ ಔಷಧದಂಗಡಿಯ ಮೇಲಿನ ಎರಡು ಕೋಣೆಯ ಲ್ಯಾಬು ನಮ್ಮದು. ಸುತ್ತಲಿನ ದವಾಖಾನೆಗಳಲ್ಲಿ ಯಾರದೇ ಗಡ್ಡೆ ತೆಗೆಯಲಿ, ಗರ್ಭಕೋಶ ತೆಗೆಯಲಿ, ಆ ಚೂರು ಬಾಟಲಿಯಲ್ಲಿ ನಮ್ಮಲ್ಲಿಗೆ ಬರುತ್ತಿತ್ತು. ನಾನು ಅದನ್ನು ಮೇಣದಲ್ಲಿ ಹುದುಗಿಸಿ, ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಕೊಯ್ದು, ಬಣ್ಣ ಹಾಕಿ ಕೊಡುತ್ತಿದ್ದೆ. ಮೇಡಂ ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು ಅದು ಏನೆಂದು ಹೇಳುತ್ತಿದ್ದರು. ರೋಗಿಯ ಮುಖ ನೋಡದೆ ಅವನ ಹಣೆಬರಹ ಓದುವ ಕೆಲಸ ಎಂದು ನಾನೊಮ್ಮೆ ಜಂಬದಿಂದ ಹೇಳಿದಾಗ, "ಹಣಿಬರಹ ಗಿಣಿಬರಹ ಅನಬ್ಯಾಡ. ಬಾಟ್ಲಿ ಮ್ಯಾಲಿನ ಬರಹ ಸರಿ ಅದ ಏನು ನೋಡು ಮೊದಲ" ಎಂದು ಬಾಯಿ ಮುಚ್ಚಿಸಿದ್ದರು.

ಶಿರವಾಳದ ಕೂಲಿಕಾರರ ಮನೆಯ ಮಗಳು. ಅವರ ಕೇರಿಯಿಂದ ಡಾಕ್ಟರಾದವರು ಅವರಿಗಿಂತ ಮೊದಲು ಯಾರೂ ಇಲ್ಲ. ಚಿಕ್ಕಂದಿನಲ್ಲಿ ಕೀಲುನೋವಿನ ಜ್ವರ ಬಂದು, ಅದಕ್ಕೆ ಸಕಾಲಕ್ಕೆ ಔಷಧಿ ಸಿಗದೆ, ಹೃದಯದ ಒಂದು ಕವಾಟ ಕೆಟ್ಟಿತ್ತು. ಮದುವೆಯಾಗಲಿಲ್ಲ; ವಿಧವೆಯಾದ ಅಕ್ಕನ ಜೊತೆ ಶಹಾಪುರದಲ್ಲಿದ್ದರು. ದಿನಾ ಬಸ್ಸಿನಲ್ಲಿ ಬಂದು, ನಮ್ಮ ಲ್ಯಾಬಿನ ಮೆಟ್ಟಿಲನ್ನು ಅರ್ಧ ಹತ್ತಿ, ಗೋಡೆಗೆ ಕೈ ಕೊಟ್ಟು ನಿಲ್ಲುತ್ತಿದ್ದರು. ಏದುಸಿರು ಇಳಿಯುವವರೆಗೆ ಯಾರಾದರೂ ಹಾಯ್ದುಹೋದರೆ, ಗೋಡೆಯ ಮೇಲಿನ ಜಾಹೀರಾತು ಓದುವವರಂತೆ ನಟಿಸುತ್ತಿದ್ದರು. ಹದಿನಾಲ್ಕು ವರ್ಷ ಅದೇ ಕಬ್ಬಿಣದ ಸರಳಿನ ಜಾಹೀರಾತನ್ನು ಅಷ್ಟು ಆಸಕ್ತಿಯಿಂದ ಓದಿದವರು ಯಾದಗಿರಿಯಲ್ಲಿ ಬೇರೆ ಯಾರೂ ಇರಲಾರರು.

ಎರಡು ವಿಷಯದಲ್ಲಿ ಅವರದು ಹಟ. ಒಂದು, ಹೆಸರು. ನಮ್ಮ ಊರುಗಳಲ್ಲಿ ಒಂದೇ ಓಣಿಯಲ್ಲಿ ಒಂದೇ ಹೆಸರಿನವರು ಐದು ಮಂದಿ ಸಿಗುತ್ತಾರೆ. ಅದಕ್ಕೆ ರೋಗಿಯ ಹೆಸರು, ತಂದೆಯ ಹೆಸರು, ಊರು, ವಯಸ್ಸು ಎಲ್ಲ ಬೇಕು, ಬಾಟಲಿಯ ಮೇಲೂ ಬೇಕು, ರಿಜಿಸ್ಟರಿನಲ್ಲೂ ಬೇಕು. "ಹೆಸರು ತಪ್ಪಿದ್ರ ರೋಗ ಬ್ಯಾರೆ ಮನಿಗೆ ಹೋಗ್ತದಪಾ" ಎನ್ನುತ್ತಿದ್ದರು. ಇನ್ನೊಂದು, ಏನನ್ನೂ ಎಸೆಯಬಾರದು. ಸೂಜಿಯಿಂದ ತೆಗೆದ ನೀರು ಬಂದರೆ ಬೇರೆ ಲ್ಯಾಬಿನವರು ಒಂದು ಹನಿ ಗಾಜಿನ ಪಟ್ಟಿಗೆ ಹಚ್ಚಿ ನೋಡಿ ಉಳಿದದ್ದನ್ನು ಚೆಲ್ಲುತ್ತಾರೆ. ಇವರು ತಳದಲ್ಲಿ ಕೂತ ಗಸಿಯನ್ನೂ ಕೆರೆಸಿ, ಅದಕ್ಕೂ ಮೇಣ ಹಾಕಿಸಿ, ಬಿಲ್ಲೆ ಮಾಡಿಸಿ ಕಪಾಟಿನಲ್ಲಿ ಇಡಿಸುತ್ತಿದ್ದರು. ಮೇಣದ ಖರ್ಚು ಹೆಚ್ಚಾಯಿತೆಂದು ಲ್ಯಾಬಿನ ಮಾಲೀಕರು ಗೊಣಗಿದಾಗಲೆಲ್ಲ ಒಂದೇ ಉತ್ತರ: "ಇರಲಿ ಬಿಡ್ರಿ. ಅದೇನು ಅನ್ನ ಕೇಳ್ತದ?"

ಇನ್ನು ನನ್ನ ತಮ್ಮನ ವಿಷಯ. ಬರೆಯಲು ಕೂತು ಮೂರು ಸಲ ಎದ್ದು ಹೋಗಿದ್ದೇನೆ.

ಅವನು ಸುರಪುರದ ಹತ್ತಿರದ ಹಳ್ಳಿಯ ಹೈಸ್ಕೂಲಿನಲ್ಲಿ ಅತಿಥಿ ಶಿಕ್ಷಕ, ವಿಜ್ಞಾನ ಕಲಿಸುತ್ತಿದ್ದ. ಇಪ್ಪತ್ತಾರು ವಯಸ್ಸು. ಶಹಾಪುರದ ಕಡೆಯ ಹೆಣ್ಣು ಗೊತ್ತಾಗಿತ್ತು. ಅಂಥ ದಿನಗಳಲ್ಲಿ ಒಂದು ಸಂಜೆ ನನ್ನ ಬಾಡಿಗೆ ಕೋಣೆಗೆ ಬಂದು, ತಲೆ ತಗ್ಗಿಸಿಕೊಂಡು, "ಅಣ್ಣಾ, ಕೆಳಗ ಒಂದು ಕಡೆ ಬಾವು ಬಂದದ. ನೋವೇನಿಲ್ಲ. ಎಂಟು ತಿಂಗಳಾತು" ಎಂದ. ಬೀಜ ಗಟ್ಟಿಯಾಗಿ, ಕಲ್ಲಿನಂತೆ ಭಾರವಾಗಿದೆ ಎಂದ.

ನಾನು ನಕ್ಕೆ. ನಗಲಿಕ್ಕೆ ಕಾರಣವಿತ್ತು. ನಮ್ಮ ಕಡೆ ಗಂಡಸಿಗೆ ಅಲ್ಲಿ ಬಾವು ಬಂತೆಂದರೆ ಆನೆಕಾಲು ರೋಗದ ಸೊಳ್ಳೆಯ ಕೆಲಸ ಎಂದೇ ಲೆಕ್ಕ. ಆರೋಗ್ಯ ಇಲಾಖೆಯವರು ಮನೆಮನೆಗೆ ಬಂದು ಅದಕ್ಕಾಗಿ ಮಾತ್ರೆ ನುಂಗಿಸಿ ಹೋಗುತ್ತಾರೆ. ನಮ್ಮ ಅಜ್ಜನಿಗೆ ಆ ಬಾವು ಇತ್ತು, ಕಾಕಾನಿಗೆ ಇತ್ತು. ಇಬ್ಬರೂ ಬಟ್ಟೆ ಬಿಗಿದುಕೊಂಡು ಹೊಲ ಹೊಡೆದವರು. ನೀರು ತುಂಬುತ್ತದೆ, ಸೂಜಿ ಹಾಕಿ ತೆಗೆಸುತ್ತಾರೆ, ಮತ್ತೆ ತುಂಬುತ್ತದೆ. ಮನೆತನದ ಆಸ್ತಿ ನಿನ್ನ ಪಾಲಿಗೂ ಬಂತು ಎಂದು ತಮಾಷೆ ಮಾಡಿದೆ. ಅವನೂ ನಕ್ಕ, ಹಗುರಾಗಿ ಮನೆಗೆ ಹೋದ. 

ಪರಿಚಯದ ಕಾಂಪೌಂಡರ್ ಒಬ್ಬ ಸೂಜಿ ಹಾಕಿದ. ಬಂದದ್ದು ರಕ್ತ ಬೆರೆತ ನೀರು. ಅವನಿಗೇ ಹೆದರಿಕೆಯಾಗಿ ಬಾಟಲಿಗೆ ತುಂಬಿ ನನ್ನ ಕೈಗೆ ಕೊಟ್ಟ. ಬಾಟಲಿಯೊಂದಿಗೆ ಲ್ಯಾಬಿಗೆ ಬಂದವನು ರಿಜಿಸ್ಟರ್ ತೆರೆದು, ಪೆನ್ನು ಹಿಡಿದು ಒಂದು ನಿಮಿಷ ಕೂತೆ. ಮಾಲೀಕರ ಕಾರಿನ ಡ್ರೈವರು ಹೆಣ್ಣಿನ ಊರಿನವನು. ತಮ್ಮನ ಹೆಸರು ಬರೆದರೆ ನಾಡಿದ್ದಿಗೆ ಬೀಗರ ಮನೆಗೆ ಸುದ್ದಿ. ಮೇಲಾಗಿ ಹೆಣ್ಣುಮಗಳಾದ ಮೇಡಂ ಮುಂದೆ ನನ್ನ ತಮ್ಮನ ಅಂಗದ ಮಾತು ಎತ್ತುವುದು ಹೇಗೆ? ದಿನಾ ಅವರೆದುರು ಇನ್ನೊಬ್ಬರ ಅಂಗಗಳನ್ನು ಕೊಯ್ಯುತ್ತಿದ್ದವನಿಗೆ ಸ್ವಂತ ಮನೆಯದು ಬಂದಾಗ ನಾಚಿಕೆಯಾಯಿತು. ಬಾಯಿಗೆ ಬಂದ ಒಂದು ಹೆಸರು ಬರೆದೆ, ಅದಕ್ಕೊಬ್ಬ ತಂದೆಯನ್ನೂ ಹುಟ್ಟಿಸಿದೆ. ಊರಿನ ಕಾಲಮ್ಮಿನಲ್ಲಿ ಮುದನಾಳ ಎಂದು ಬರೆದೆ. ವಯಸ್ಸು ಮಾತ್ರ ನಿಜದ್ದು.

ಮರುದಿನ ಮಧ್ಯಾಹ್ನ ಮೇಡಂ ಸೂಕ್ಷ್ಮದರ್ಶಕದಿಂದ ತಲೆ ಎತ್ತಲಿಲ್ಲ. ಊಟದ ಡಬ್ಬಿ ಬಿಚ್ಚದೆ ಅದೇ ಪಟ್ಟಿಯನ್ನು ಅತ್ತಿತ್ತ ಸರಿಸಿ ನೋಡುತ್ತಿದ್ದರು.

"ಈ ಮುದನಾಳದಾಂವ ಎಲ್ಲಿ ಹಾನ?"

"ಬಾಟ್ಲಿ ಕೊಟ್ಟು ಹೋಗ್ಯಾನ್ರಿ ಮೇಡಂ."

"ಫೋನ್ ನಂಬರ್ ತಗೊಂಡಿಲ್ಲೇನು?"

"ಕೊಟ್ಟಿಲ್ರೀ."

"ಕೆಟ್ಟ ಸೆಲ್ ಕಾಣಾಕತ್ತಾವಪಾ. ಇದು ಆನೆಕಾಲಿನ ನೀರಲ್ಲ, ಬೀಜದ ಕ್ಯಾನ್ಸರ್. ಸಣ್ಣ ವಯಸ್ಸಿನಾಂವ. ಜಲ್ದಿ ಹಿಡಿದ್ರ ಉಳೀತಾನ, ಭಾಳ ಮಂದಿ ಉಳೀತಾರ ಇದರಾಗ. ಹೆಂಗರ ಮಾಡಿ ಅವನ್ನ ಕರಸು. ಗಡ್ಡಿ ತೆಗೆದ ಕೂಡಲೇ ನಮ್ಮ ಕಡೆ ಕಳಿಸ್ಲಿಕ್ಕೆ ಹೇಳು."

ಆಗಲೇ ಕಾಲು ಹಿಡಿದು ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಅವರ ರಿಜಿಸ್ಟರಿನಲ್ಲಿ ಸುಳ್ಳು ಹೆಸರು ಬರೆದವನು ಎಂದು ಅವರಿಗೆ ಗೊತ್ತಾಗುವುದು ನನಗೆ ತಮ್ಮನ ಕ್ಯಾನ್ಸರಿಗಿಂತ ದೊಡ್ಡದಾಗಿ ಕಂಡಿತು. ಹೀಗೆ ಬರೆದರೆ ಯಾರೂ ನಂಬಲಿಕ್ಕಿಲ್ಲ, ಆದರೆ ಆ ಗಳಿಗೆಯಲ್ಲಿ ಹಾಗೇ ಇತ್ತು. ಹತ್ತೇ ದಿನದಲ್ಲಿ ತಮ್ಮನನ್ನು ದೂರದ ಊರಿನ ನರ್ಸಿಂಗ್ ಹೋಮಿಗೆ ಕರೆದೊಯ್ದು ಆಪರೇಷನ್ ಮಾಡಿಸಿದೆ. ಮನೆಯವರಿಗೂ ಸರ್ಜನ್ನರಿಗೂ ನೀರಿನ ಬಾವು ಎಂದಷ್ಟೇ ಹೇಳಿದೆ. ಕೆಟ್ಟದ್ದನ್ನು ತೆಗೆಸಿದರೆ ಮುಗಿಯಿತು ಎಂದು ನನ್ನ ಲೆಕ್ಕ. ಸರ್ಜನ್ನರು ಗಡ್ಡೆಯನ್ನು ಬಾಟಲಿಯಲ್ಲಿ ಹಾಕಿ ಕೊಟ್ಟು, "ಪರೀಕ್ಷೆ ಮಾಡಿಸಿಬಿಡ್ರಿ" ಎಂದರು. ಹೊರಗೆ ಅವ್ವ ಕೂತಿದ್ದಳು.

ನಮ್ಮಲ್ಲಿ ಮೈಯಿಂದ ಬೇರೆಯಾದದ್ದನ್ನು, ಬೆರಳಾಗಲಿ ಕಾಲಾಗಲಿ, ಮನೆಯವರು ಕೇಳಿ ಪಡೆದು ಸ್ವಂತ ಹೊಲದಲ್ಲಿ ಹೂಳುತ್ತಾರೆ. "ನನ್ನ ಮಗನ ಮೈಯಾಗಿಂದು ಕಸದ ಡಬ್ಬ್ಯಾಗ ಬೀಳಬಾರ್ದು. ನಮ್ಮ ಮಣ್ಣಿಗೇ ಹೋಗ್ಲಿ" ಎಂದು ಅವ್ವ ಸೆರಗೊಡ್ಡಿ ಕೂತಳು. ಬಾಟಲಿ ಅವಳ ಕೈಗೆ ಹೋಯಿತು. ಬದುವಿನ ಮೇಲೆ ಗುದ್ದಲಿ ಹಿಡಿದು ತೋಡಿದವನು ನಾನೇ. ಅರಿಷಿಣ ಹಚ್ಚಿದ ಬಿಳಿ ಬಟ್ಟೆಯಲ್ಲಿ ಸುತ್ತಿ ಇಟ್ಟು ಮಣ್ಣು ಎಳೆದೆ. ಬಾಟಲಿ ಕಳಿಸದ ಸರ್ಜನ್ನರಿಗೆಲ್ಲ ಫೋನಿನಲ್ಲಿ ದಬಾಯಿಸುತ್ತಿದ್ದ ಟೆಕ್ನೀಷಿಯನ್ ನಾನು.

ಇತ್ತ ಮೇಡಂ ಮುದನಾಳದವನನ್ನು ಬಿಡಲಿಲ್ಲ. ದಿನಾ ಬೆಳಿಗ್ಗೆ ಬ್ಯಾಗು ಇಡುತ್ತಲೇ "ಬಂದ್ನೇನು?" ಎಂದು ಕೇಳುವರು. ನಾನು ಇಲ್ರಿ ಎನ್ನುವೆ. ಮೂರನೇ ವಾರ ಒಂದು ಭಾನುವಾರ ಅವರೇ ಆಟೋ ಮಾಡಿಕೊಂಡು ಮುದನಾಳಕ್ಕೆ ಹೋದರು. ಸೋಮವಾರ ಬಂದವರು ಮೆಟ್ಟಿಲ ಅರ್ಧದಲ್ಲೇ ನಿಂತು ಕೂಗಿದರು:

"ಆ ಹೆಸರಿನವರು ಮೂರು ಮಂದಿ ಹಾರ ನೋಡು ಆ ಊರಾಗ! ಒಬ್ಬಾಂವ ಹಲ್ಲಿಲ್ಲದ ಮುದುಕ. ಒಂದು ತೊಟ್ಟಿಲ ಕೂಸು. ಇನ್ನೊಬ್ಬಾಂವ ವಯಸ್ಸಿಗೆ ಸರಿ ಹೊಂದಿದ. ಒಳಗ ಕರ್ಕೊಂಡು ಹೋಗಿ ಬಿಚ್ಚು ಅಂದೆ. ಅವನ ಹೆಂಡತಿ ಹೊರಗ ನಿಂತು ಬೈಯೋದೇ ಬೈಯೋದು!"

"ಮತ್ತ?"

"ಏನಿಲ್ಲ. ಎತ್ತಿನಂಗ ಗಟ್ಟಿ ಹಾನ."

ನಕ್ಕರು. ನಗುತ್ತ ಕೆಮ್ಮು ಬಂತು, ಗೋಡೆ ಹಿಡಿದರು. ಆಮೇಲೆ ಮೆಲ್ಲಗೆ, "ಮತ್ತ ಇದು ಯಾರದಪಾ? ಯಾವುದೋ ತಾಯಿ ಮಗ ಎಲ್ಲೋ ಸುಮ್ಮ ತಿರುಗಾಡಾಕತ್ತಾನ" ಎಂದರು. ನಾನು ಪದರು ಕೊಯ್ಯುವ ಮೈಕ್ರೋಟೋಮಿನ ಬ್ಲೇಡು ಒರೆಸುತ್ತ ನಿಂತೆ. ಎಂಟು ಸಲ ಒರೆಸಿದೆನೋ ಏನೋ.

ಮುಂದಿನ ಬೇಸಿಗೆಯಲ್ಲಿ ತಮ್ಮನ ಮದುವೆಯಾಯಿತು. ಮೇಡಂ ಬಂದಿದ್ದರು. ಒಂದು ಗೋಡೆ ಗಡಿಯಾರ ಕೊಟ್ಟು, ತಾವು ಊರೆಲ್ಲ ಹುಡುಕಿದ ಮನುಷ್ಯನ ತಲೆಯ ಮೇಲೆ ಅಕ್ಕಿಕಾಳು ಹಾಕಿ, "ಸಾಲಿ ಮಾಸ್ತರ್ರು ಛಲೋ ಹಾರ" ಎಂದು ನನ್ನ ಅವ್ವನಿಗೆ ಹೇಳಿ, ಹೋಳಿಗೆ ಉಂಡು ಹೋದರು.

ವರ್ಷ ಕಳೆಯುವಷ್ಟರಲ್ಲಿ ಅವನಿಗೆ ಕೆಮ್ಮು ಶುರುವಾಯಿತು, ಕುತ್ತಿಗೆಯಲ್ಲಿ ಗಂಟು ಎದ್ದಿತು. ಕಲಬುರಗಿಯಲ್ಲಿ ಔಷಧಿ ಏರಿಸಿದರು. ಕರಗಿತು, ಮರಳಿ ಬಂತು. ಹೈದರಾಬಾದಿನಲ್ಲಿ ಇನ್ನೂ ಕಟುವಾದದ್ದು ಏರಿಸಿದರು. ಮತ್ತೆ ಕರಗಿತು, ಮತ್ತೆ ಬಂತು. ರೈಲಿನಲ್ಲಿ ಹೋಗುವುದು, ಬರುವುದು, ರಿಪೋರ್ಟಿನ ಚೀಲ ತೊಡೆಯ ಮೇಲಿಟ್ಟುಕೊಂಡು ಕಾಯುವುದು. ಕಾಯುವವರ ಆಯಾಸ ಬೇರೆ ಥರದ್ದು, ನಿದ್ದೆ ಮಾಡಿದರೂ ಹೋಗುವುದಿಲ್ಲ. ಕಡೆಗೆ ಹೈದರಾಬಾದಿನ ದೊಡ್ಡ ದವಾಖಾನೆಯ ಡಾಕ್ಟರು ಹೇಳಿದರು: ಇನ್ನೂ ಪ್ರಯೋಗದಲ್ಲಿರುವ ಒಂದು ಔಷಧಿ ಇದೆ. ಇಂಥ ಗಡ್ಡೆಗಳಲ್ಲಿ ಸೆಲ್ಲಿಗೆ ಸೆಲ್ಲನ್ನು ಅಂಟಿಸುವ ಒಂದು ಪ್ರೋಟೀನು ಇರುತ್ತದೆ, ಔಷಧಿ ಅದನ್ನೇ ಹುಡುಕಿ ಹಿಡಿಯುತ್ತದೆ. ಆ ಅಂಟು ಇವನ ಗಡ್ಡೆಯಲ್ಲಿತ್ತೇ ಎಂದು ಮೊದಲು ನೋಡಬೇಕು. ಕುತ್ತಿಗೆಯ ಗಂಟಿನಿಂದ ತೆಗೆದದ್ದರಲ್ಲಿ ಸತ್ತ ಮಾಂಸವೇ ತುಂಬಿದೆ, ಪರೀಕ್ಷೆಗೆ ಬಾರದು. ಮೊದಲ ಗಡ್ಡೆಯದು ತನ್ನಿ.

ಮೊದಲ ಗಡ್ಡೆ ನಮ್ಮ ಹೊಲದ ಬದುವಿನಲ್ಲಿತ್ತು.

ಮರುದಿನ ಮೇಡಂ ಮೆಟ್ಟಿಲ ಅರ್ಧದಲ್ಲಿ ನಿಂತಿದ್ದಾಗ, ಕೆಳಗಿನ ಮೆಟ್ಟಿಲ ಮೇಲೆ ಕೂತು ಎಲ್ಲ ಹೇಳಿದೆ. ಹೆಸರು, ಮುದನಾಳ, ಅವ್ವ, ಗುದ್ದಲಿ. ಅವರು ಜಾಹೀರಾತಿನ ಕಡೆಗೇ ಮುಖ ಮಾಡಿ ಕೇಳಿದರು. ಬೈಯಲಿ ಎಂದು ಕಾದೆ. "ಮದುವಿ ಊಟ ಮಾಡಿ ಬಂದೆನಲ್ಲೋ ನಾನು" ಎಂದರು. ಅಷ್ಟೇ. ನಿಧಾನವಾಗಿ ಉಳಿದ ಮೆಟ್ಟಿಲು ಹತ್ತಿದರು. ಕಪಾಟು ತೆಗೆದು, ಮೂರನೇ ಸಾಲಿಗೆ ಕೈ ಹಾಕಿ, ಒಂದು ಮೇಣದ ಬಿಲ್ಲೆ ತಂದು ನನ್ನ ಮುಂದೆ ಇಟ್ಟರು. ಕಾಂಪೌಂಡರು ತೆಗೆದ ನೀರಿನ ಗಸಿ. ಮೇಣದ ನಡುವೆ ತೊಗರಿಬೇಳೆಯ ಅರ್ಧದಷ್ಟು ಕಂದು ಚುಕ್ಕೆ.

"ಇಷ್ಟೇ ಉಳಿದದ ನಿನ್ನ ತಮ್ಮಂದು" ಎಂದರು. "ಇದನ್ನ ನೀ ಮುಟ್ಟಬ್ಯಾಡ."

ಏಪ್ರಿಲ್ ತಿಂಗಳು. ಯಾದಗಿರಿಯ ಬಿಸಿಲಿಗೆ ಮೇಣ ಮೆತ್ತಗಾಗಿ ಬ್ಲೇಡಿಗೆ ಮೆತ್ತಿಕೊಳ್ಳುತ್ತದೆ, ಪದರು ಬರುವುದಿಲ್ಲ. ಕೆಳಗಿನ ಸೋಡಾ ಅಂಗಡಿಯಿಂದ ಬರ್ಫ ತರಿಸಿ, ಬಿಲ್ಲೆಯನ್ನು ಅದರ ಮೇಲೆ ಬೋರಲು ಹಾಕಿ, ಅವರೇ ಕೊಯ್ಯಲು ಕೂತರು. ಫ್ಯಾನು ಹಾಕಿದರೆ ಪದರು ಹಾರುತ್ತದೆಂದು ಅದನ್ನೂ ಆರಿಸಿದರು. ಒಂದೊಂದು ಪದರು ಬಂದಾಗಲೂ ಉಸಿರು ಹಿಡಿದು, ಅದು ನೀರಿನ ಮೇಲೆ ತೇಲಿದ ಮೇಲೆ ಬಿಡುವರು. ಆ ಉಸಿರು ಹಿಡಿಯುವ ಶಕ್ತಿ ಅವರ ಎದೆಗೆ ಇರಲಿಲ್ಲ. ನಾನು ಬರ್ಫ ಬದಲಿಸುತ್ತ ನಿಂತಿದ್ದೆ. ನನಗೆ ಕೊಟ್ಟ ಕೆಲಸ ಅದೊಂದೇ. ಸಂಜೆಗೆ ಹನ್ನೆರಡು ಪಟ್ಟಿಗಳಾದವು, ಅವನ್ನು ಹೈದರಾಬಾದಿಗೆ ಕಳಿಸಿದೆವು.

ಫಲಿತಾಂಶ ಬರುವ ಮುಂಚೆ ಒಂದು ದಿನ ತಮ್ಮ ತಾನೇ ಲ್ಯಾಬಿಗೆ ಬಂದ. ತಲೆಗೂದಲು ಹೋಗಿತ್ತು, ಟವೆಲು ಸುತ್ತಿಕೊಂಡಿದ್ದ. ಊಟದ ಹೊತ್ತು. ಮೇಡಂ ಡಬ್ಬಿ ಬಿಚ್ಚಿ ಅವನ ಕೈಗೊಂದು ರೊಟ್ಟಿ, ಪುಂಡಿಪಲ್ಯ ಕೊಟ್ಟರು. ಅವನು ಸುತ್ತಿ ಬಳಸಿ ಮಾತಾಡುವವನಲ್ಲ. "ಮೇಡಂ, ಆ ಅಂಟು ಅಂದ್ರ ಏನ್ರಿ? ನಾ ಹುಡುಗುರಿಗೆ ಸೆಲ್ ಅಂದ್ರ ಇಟ್ಟಂಗಿ ಅಂತ ಕಲಿಸೀನಿ" ಎಂದ.

"ಇಟ್ಟಂಗಿ ನಡುವ ಏನರ ಬೇಕಲ್ಲಪಾ ಮಾಸ್ತರಾ. ಈ ರೊಟ್ಟಿ ನೋಡು. ಹಿಟ್ಟಿಗೆ ಜಿಗಿ ಇದ್ರ ಬಡದಂಗ ಅಗಲಾಗ್ತದ. ಜಿಗಿ ಇಲ್ಲಂದ್ರ ನಮ್ಮಕ್ಕ ಎಷ್ಟು ಬಡದ್ರೂ ಬಿರಿದು ಹೋಗ್ತದ. ನಮ್ಮ ಮೈಯಾಗಿನ ಸೆಲ್ಲಿಗೂ ಹಂಗೇ ಜಿಗಿ ಅದ. ಅದು ಅದಂತ ನಾವು ಒಂದು ಮನುಷ್ಯಾ ಆಗಿ ಕುಂತೀವಿ."

"ಅದನ್ನ ಹೊಡದ್ರ ಮೈಯೆಲ್ಲ ಬಿರಿಯಂಗಿಲ್ಲೇನ್ರಿ?"

ಮೇಡಂ ಖುಷಿಯಾದರು. ಒಳ್ಳೆ ಪ್ರಶ್ನೆ ಕೇಳಿದವರನ್ನು ಕಂಡರೆ ಅವರ ಮುಖ ಹಾಗೇ ಅರಳುತ್ತಿತ್ತು.

"ಜಿಗಿಯಾಗೂ ಜಾತಿ ಭಾಳ ಅವ. ಈ ಒಂದು ಜಿಗಿ ತಾಯಿ ಹೊಟ್ಟ್ಯಾಗ ಕೂಸು ಬೆಳಿಯೋ ಹೊತ್ತಿನಾಗಷ್ಟೇ ಬೇಕು. ಹುಟ್ಟಿದ ಮ್ಯಾಲ ಮೈ ಅದನ್ನ ಬಂದ್ ಮಾಡ್ತದ. ಆದ್ರ ನಿಂದು ಬೀಜದಾಗ ಹುಟ್ಟಿದ ಗಡ್ಡಿ. ಅದಕ್ಕ ತಾ ದೊಡ್ಡಾಂವ ಆಗೀನಿ ಅನ್ನೋದೇ ಗೊತ್ತಿಲ್ಲ. ಇನ್ನೂ ಹೊಟ್ಟ್ಯಾಗಿನ ಕೂಸೇ ಅಂತ ತಿಳಕೊಂಡು ಆ ಜಿಗಿ ಹಚ್ಚಿಕೊಂಡು ಕುಂತದ. ಔಷಧಿ ಆ ಗುರ್ತ ಹಿಡಿದು ಹೋಗ್ತದ."

"ಹಂಗಾರ ನನಗ ಗುಣ ಆಗ್ತದ್ರಿ?"

"ಪ್ರಯೋಗ ಅದಪಾ ಇದು. ಆಗಬಹುದು, ಆಗದೇ ಇರಬಹುದು. ಆಗ್ತದ ಅಂತ ಹೇಳಿದ್ರ ನಾ ಸುಳ್ಳು ಹೇಳಿದಂಗ."

ಅವನು ತಲೆಯಾಡಿಸಿ ರೊಟ್ಟಿ ತಿಂದ. ತಿಂಗಳುಗಳ ಮೇಲೆ ಪೂರಾ ಒಂದು ರೊಟ್ಟಿ ತಿಂದದ್ದನ್ನು ನಾನು ಅಂದು ನೋಡಿದೆ.

ಹೈದರಾಬಾದಿನಿಂದ ಮೇಡಂ ಫೋನಿಗೆ ಒಂದು ಚಿತ್ರ ಬಂತು. ಪ್ರತಿ ಸೆಲ್ಲಿನ ಸುತ್ತ ಪೆನ್ನಿನಲ್ಲಿ ಎಳೆದ ಹಾಗೆ ಕಂದು ಗೆರೆ. ಅಂಟು ಇತ್ತು. ಆದರೆ ಜೊತೆಗೆ ಇನ್ನೊಂದು ಪ್ರಶ್ನೆಯೂ ಬಂತು: ಪಟ್ಟಿಗಳ ಮೇಲಿನ ಹೆಸರು ಬೇರೆ, ರೋಗಿಯ ಹೆಸರು ಬೇರೆ, ಇದೇನು?

ಮಾಲೀಕರು ಇದನ್ನು ಸುಲಭಕ್ಕೆ ಮುಗಿಸಲು ನೋಡಿದರು. ರಿಜಿಸ್ಟರಿನಲ್ಲಿ ಹಳೆ ಹೆಸರು ಹೊಡೆದು ಹೊಸದು ಬರೆದು ಫೋಟೋ ಕಳಿಸಿಬಿಡಿ, ಕೈತಪ್ಪು ಎನ್ನಿ, ಇಲ್ಲವಾದರೆ ಲ್ಯಾಬಿನ ಮಾನ ಹೋಗುತ್ತದೆ ಎಂದರು. ಮೇಡಂ ರಿಜಿಸ್ಟರನ್ನು ತಮ್ಮ ಕಡೆಗೆ ಎಳೆದುಕೊಂಡು, ಅದರ ಮೇಲೆ ಎರಡೂ ಕೈ ಇಟ್ಟು ಕೂತರು. ಆಮೇಲೆ ಲೆಟರ್‌ಹೆಡ್ಡಿನಲ್ಲಿ ಬರೆದರು: ಈ ರೋಗಿಯ ಮಾದರಿಯು ನನ್ನ ಪ್ರಯೋಗಾಲಯದಲ್ಲಿ ಸುಳ್ಳು ಹೆಸರಿನಲ್ಲಿ ದಾಖಲಾಗಿದೆ, ಅದನ್ನು ಪರಿಶೀಲಿಸದೆ ಇದ್ದದ್ದು ನನ್ನ ಹೊಣೆ, ರೋಗಿಯ ರಕ್ತದೊಂದಿಗೆ ಹೋಲಿಸಿ ಖಚಿತಪಡಿಸಿಕೊಳ್ಳಬೇಕು. ಕೆಳಗೆ ಸಹಿ.

"ನನ್ನ ಹೆಸರು ಬರೀರಿ ಮೇಡಂ" ಎಂದೆ.

"ಯಾರು ಬರದ್ರು ಅಂತ ಅವರು ಕೇಳಿಲ್ಲ. ಜಿಮ್ಮೇದಾರಿ ಯಾರದು ಅಂತ ಕೇಳ್ಯಾರ. ಅದು ನಂದು."

ರಕ್ತ ಹೊಂದಿತು, ಔಷಧಿ ಶುರುವಾಯಿತು. ಆ ಕಾಗದದ ನಂತರ ಮಾಲೀಕರು ಅವರೊಂದಿಗೆ ಮುಖ ಕೊಟ್ಟು ಮಾತಾಡಲಿಲ್ಲ. ಆ ವರ್ಷದ ಕೊನೆಗೆ ಮೇಡಂ ಕೆಲಸ ಬಿಟ್ಟರು. ಮೆಟ್ಟಿಲು ಹತ್ತಲಿಕ್ಕೆ ಆಗುವುದಿಲ್ಲ ಎಂದು ಕಾರಣ ಹೇಳಿದರು. ನಾನು ಅದನ್ನೇ ನಂಬಿಕೊಂಡೆ, ನಂಬಿದರೆ ನನಗೆ ಅನುಕೂಲವಿತ್ತು.

ಔಷಧಿ ಹಿಡಿಯಿತು. ಕುತ್ತಿಗೆಯ ಗಂಟು ಕರಗಿ ಕೈಗೆ ಸಿಗದಂತಾಯಿತು. ತಮ್ಮ ಸ್ಕೂಟರಿನಲ್ಲಿ ಶಾಲೆಗೆ ಹೋದ, ಪರೀಕ್ಷೆಯ ಪೇಪರು ತಿದ್ದಿದ, ಹೆಂಡತಿಯನ್ನು ಸಿನಿಮಾಕ್ಕೆ ಕರೆದೊಯ್ದ. ಹನ್ನೊಂದು ತಿಂಗಳು ನಮ್ಮ ಮನೆಯಲ್ಲಿ ಜನ ಸಣ್ಣಪುಟ್ಟ ಕಾರಣಕ್ಕೆ ಜಗಳ ಮಾಡಿದರು, ಅಷ್ಟು ನೆಮ್ಮದಿ. ಹನ್ನೆರಡನೆಯದರಲ್ಲಿ ಹೊಟ್ಟೆಯಲ್ಲಿ ಹೊಸ ಗಡ್ಡೆ ಕಂಡಿತು. ಸೂಜಿಯಲ್ಲಿ ತೆಗೆದ ಚೂರಿಗೆ ಹೈದರಾಬಾದಿನಲ್ಲಿ ಅಂಟಿನ ಪರೀಕ್ಷೆ ಮಾಡಿದ ಪಟ್ಟಿಯನ್ನು ನಾನು ಶಹಾಪುರಕ್ಕೆ ಒಯ್ದೆ. ಮೇಡಂ ಮನೆಯಲ್ಲಿದ್ದ ಹಳೆಯ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಈ ಸಲ ಕಂದು ಗೆರೆ ಇರಲಿಲ್ಲ.

"ಜಿಗಿ ಇದ್ದವನ್ನೆಲ್ಲ ಔಷಧಿ ಕೊಂದದ" ಎಂದರು. "ಇಲ್ಲದವು ಉಳಕೊಂಡಾವ. ಈಗ ಅವೇ ಬೆಳೆಯಾಕತ್ತಾವ. ಹಿಡೀಲಿಕ್ಕೆ ಗುರ್ತೇ ಇಲ್ಲಪಾ."

ಹಿಂಗಾರಿ ಜೋಳ ಬಿತ್ತುವ ಹೊತ್ತಿಗೆ ತಮ್ಮ ಹೋದ.

ಸತ್ತ ಮನೆಗೆ ಬಂದವರೆಲ್ಲ ನನಗೆ ಒಂದೊಂದು ಸಮಾಧಾನ ತಂದಿದ್ದರು. ಅವನ ಆಯುಷ್ಯ ಅಷ್ಟೇ ಇತ್ತು ಎಂದರು ಬೀಗರು. ಹಣೆಯಲ್ಲಿ ಬರೆದದ್ದು ಎಂದಳು ಅವ್ವ. ನೀವು ನಿಮ್ಮ ಕೈಲಾದ್ದು ಮಾಡಿದಿರಿ ಎಂದರು ಡಾಕ್ಟರು. ಎಲ್ಲಕ್ಕೂ ತಲೆಯಾಡಿಸಿದೆ. ಎರಡು ತಿಂಗಳು ಹೀಗೆ ತಲೆಯಾಡಿಸಿ ಸಾಕಾಗಿ, ಒಂದು ಮಧ್ಯಾಹ್ನ ಶಹಾಪುರದ ಬಸ್ಸು ಹತ್ತಿದೆ.

ಮೇಡಂ ಹಾಸಿಗೆ ಹಿಡಿದಿದ್ದರು. ಮಲಗಿದರೆ ಉಸಿರು ಸಿಗುವುದಿಲ್ಲವೆಂದು ನಾಲ್ಕು ದಿಂಬಿಗೆ ಒರಗಿ ಕೂತಿದ್ದರು. ಪಾದ ಊದಿಕೊಂಡಿತ್ತು. ಅಕ್ಕ ಒಳಗೆ ಚಹಾಕ್ಕೆ ಇಟ್ಟರು. ನಾನು ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಕೂತು, ಕೇಳಬೇಕೆಂದು ಬಂದದ್ದನ್ನು ಕೇಳಿದೆ.

"ಮೇಡಂ, ಆವತ್ತು ನಾ ಖರೇ ಹೆಸರು ಬರೆದಿದ್ರ, ಗಡ್ಡಿ ನಿಮ್ಮ ಕಡೆ ತಂದಿದ್ರ, ಅಂವ ಉಳೀತಿದ್ನೇನ್ರಿ?"

ಕಿಟಕಿಯಿಂದ ಮಲಗಿದ ಬುದ್ಧನ ಆಕಾರದ ಗುಡ್ಡ ಕಾಣುತ್ತಿತ್ತು. ಅವರು ಅತ್ತ ನೋಡಲಿಲ್ಲ, ನನ್ನನ್ನೇ ನೋಡಿದರು. ಸುಸ್ತಾದ ಕಣ್ಣುಗಳು. ಸುಳ್ಳು ಹೇಳುವುದು ಅವತ್ತು ಅವರಿಗೆ ಎಷ್ಟು ಸುಲಭವಿತ್ತು.

"ಉಳೀತಿದ್ದ" ಎಂದರು.

ಅದರ ಹಿಂದೆ ಒಂದು 'ಆದ್ರ' ಬರುತ್ತದೆಂದು ಕಾದೆ.

"ಖಾತ್ರಿ ಯಾರೂ ಕೊಡಾಂಗಿಲ್ಲಪಾ. ಆದ್ರ ನೀ ಕೇಳಿದಿ. ಉಳೀತಿದ್ದ ಅಂತೇ ನಾ ತಿಳೀತೀನಿ." ಉಸಿರು ಎಳೆದುಕೊಂಡು, "ಚಾ ಬಂತು, ಕುಡಿ" ಎಂದರು.

ಕುಡಿದೆ. ಕಪ್ಪು ತೊಳೆದಿಟ್ಟು ಬಂದೆ. ಬಸ್‌ಸ್ಟ್ಯಾಂಡಿನವರೆಗೆ ನಡೆಯುವಾಗ ಎರಡು ತಿಂಗಳಲ್ಲಿ ಮೊದಲ ಸಲ ತಲೆ ಗಿಮ್ಮೆನ್ನುವುದು ನಿಂತಿತ್ತು. ಎಲ್ಲರೂ ನನ್ನ ತಪ್ಪನ್ನು ದೇವರ ಪಾಲಿಗೋ ವಿಧಿಯ ಪಾಲಿಗೋ ಹಾಕಿ ನನ್ನನ್ನು ಬರಿಗೈಯಲ್ಲಿ ಕಳಿಸಿದ್ದರು. ಅದು ನನ್ನದು ಎಂದು ನನ್ನ ಕೈಗೆ ಕೊಟ್ಟವರು ಅವರೊಬ್ಬರೇ.

ಮತ್ತೆ ಮೂರು ವಾರಕ್ಕೆ ಮೇಡಂ ತೀರಿಕೊಂಡರು. ಶಿರವಾಳದಲ್ಲಿ ಮಣ್ಣು ಮಾಡಿದರು. ಅವರ ಕೇರಿಯವರು ಬುದ್ಧವಂದನೆ ಹೇಳುವಾಗ ನಾನು ಹಿಂದೆ ನಿಂತಿದ್ದೆ. ನನಗೆ ಆ ಸಾಲುಗಳು ಬರುವುದಿಲ್ಲ, ಸುಮ್ಮನೆ ಕೈ ಮುಗಿದೆ.

ತಮ್ಮನ ಹೆಂಡತಿಗೆ ರೋಗದ ವಿಷಯ ಗೊತ್ತಿತ್ತು. ರಿಜಿಸ್ಟರಿನ ವಿಷಯ, ಬದುವಿನ ವಿಷಯ, ಮದುವೆಗೆ ಮುಂಚೆಯೇ ನನಗೆಲ್ಲ ತಿಳಿದಿದ್ದ ವಿಷಯ ಗೊತ್ತಿರಲಿಲ್ಲ. ಹೋದ ವಾರ ಅವಳ ತವರಿಗೆ ಹೋದೆ. ಹೊಸ್ತಿಲ ಹೊರಗೇ ನಿಂತು, ಒಂದನ್ನೂ ಬಿಡದೆ ಹೇಳಿದೆ. ಉಳಿಯುತ್ತಿದ್ದ ಎನ್ನುವುದನ್ನೂ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಗಳಿ ಹಾಕಿದ ಸಪ್ಪಳ ಕೇಳಿಸಿಕೊಂಡು, ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದು ಬಂದೆ.